ಭಾನುವಾರದ ಚರ್ಚೆಗೆ: ಬಿ12 ಮತ್ತು ಬೆಳಕು

ಎಲ್ಲರಿಗೂ ನಮಸ್ಕಾರ. ಭಾನುವಾರ ಸಂಜೆ 6ಕ್ಕೆ ವಿಟಮಿನ್ ಬಿ12 ಬಳಸಿ ಬೆಳಕನ್ನು ಗುರುತಿಸುವ ಕಾರ್‌ಹೆಚ್ (CarH) ಎಂಬ ಪ್ರೋಟೀನ್ ಬಗ್ಗೆ ಮಾತಾಡೋಣ. ದಯವಿಟ್ಟು ಇಷ್ಟನ್ನು ಓದಿಕೊಂಡು ಬನ್ನಿ.

ಥರ್ಮಸ್ ಥರ್ಮೋಫಿಲಸ್ ಜಪಾನಿನ ಬಿಸಿನೀರಿನ ಬುಗ್ಗೆಯಲ್ಲಿ ಸಿಕ್ಕ ಬ್ಯಾಕ್ಟೀರಿಯಾ. ಬೆಳಕು ಜಾಸ್ತಿಯಾದರೆ ಅದರ ಕೋಶಕ್ಕೆ ಪೆಟ್ಟು ಬೀಳುತ್ತದೆ. ತಡೆಯಲು ಕೆರೋಟಿನಾಯ್ಡ್ ಬೇಕು. ಕ್ಯಾರೆಟ್ಟಿಗೆ ಬಣ್ಣ ಕೊಡುವ ಬಳಗದ್ದೇ ಅದು. ಆದರೆ ಕತ್ತಲಲ್ಲೂ ಸುಮ್ನೆ ತಯಾರಿಸುತ್ತಾ ಕೂತರೆ ದಂಡ, ಅಲ್ವಾ?

ಹಾಗಾಗಿ ಕತ್ತಲಲ್ಲಿ ಈ ಬ್ಯಾಕ್ಟೀರಿಯಾದ ನಾಲ್ಕು ಕಾರ್‌ಹೆಚ್‌ಗಳು ಒಟ್ಟಾಗಿ ಡಿಎನ್‌ಎ ಹಿಡಿದುಕೊಂಡಿರುತ್ತವೆ. ಕೆರೋಟಿನಾಯ್ಡ್ ಜೀನ್‌ಗಳು ಬಂದ್. ಪ್ರತಿಯೊಂದರ ಒಳಗೂ ಬಿ12ರ ಒಂದು ರೂಪ, ಅಡೆನೋಸಿಲ್‌ಕೊಬಾಲಮಿನ್ ಇರುತ್ತದೆ. ಅದರ ಕೋಬಾಲ್ಟ್ ಮತ್ತು ಇಂಗಾಲದ ನಡುವಿನ ಬಂಧ ಬೆಳಕಿಗೆ ಮುರಿಯುತ್ತದೆ. ಅಡೆನೋಸಿಲ್ ತುಂಡು ಕಳಚಿ ಹೋಗುತ್ತದೆ. ಪ್ರೋಟೀನಿನ ಆಕಾರ ಬದಲಾಗುತ್ತದೆ, ನಾಲ್ಕೂ ಬಿಡಿಬಿಡಿಯಾಗಿ ಡಿಎನ್‌ಎಯನ್ನು ಬಿಟ್ಟುಬಿಡುತ್ತವೆ. ಜೀನ್‌ಗಳ ಕೆಲಸ ಶುರು! ನೀಲಿ ಬೆಳಕಷ್ಟೇ ಅಲ್ಲ, ಹಸಿರು ಬೆಳಕೂ ಸಾಕು.

ಬೆಳಕಿಗೆ ಕೆಡುವುದನ್ನು ನಾವು ಬಿ12ರ ದೋಷ ಅಂದುಕೊಳ್ಳುತ್ತೇವೆ. ಅದರ ಔಷಧಿಯನ್ನು ಕತ್ತಲಲ್ಲಿ ಇಡುತ್ತೇವೆ. ಈ ಪುಟ್ಟ ಜೀವಿ ಅದೇ ದೋಷವನ್ನು ಸ್ವಿಚ್ ಮಾಡಿಕೊಂಡಿದೆ. ನನಗಂತೂ ಇದು ಬಹಳ ಇಷ್ಟವಾದ ಭಾಗ.

ಸ್ಪೇನಿನ ವಿಜ್ಞಾನಿಗಳು 2011ರಲ್ಲಿ ಈ ಕೆಲಸವನ್ನು ವಿವರಿಸಿದರು. ಕತ್ತಲಿನ, ಬೆಳಕಿನ ಎರಡೂ ರೂಪಗಳ ರಚನೆ 2015ರಲ್ಲಿ ಪ್ರಕಟವಾಯಿತು. ಆ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ. ಬೆಳಕನ್ನು ಗುರುತಿಸಲು ವಿಟಮಿನ್ ಬಿ2ರಿಂದ ಬರುವ ಫ್ಲೇವಿನ್ ಬಳಸುವ ಪ್ರೋಟೀನ್‌ಗಳೂ ಇವೆ, ಅವು ಮುಂದಿನ ವಾರಕ್ಕೆ. ಪ್ರಶ್ನೆಗಳಿದ್ದರೆ ಶನಿವಾರದೊಳಗೆ ಇಲ್ಲೇ ಹಾಕಿ.