ಹನ್ನೆರಡು ಎಣಿಸಿದವಳಿಗೆ

ಚಿ. ಮೇಧಾಳಿಗೆ,
ಶಿರಸಿಯಿಂದ ಅಪ್ಪನ ಆಶೀರ್ವಾದಗಳು.

ನೀನು ಫಿನ್ಲೆಂಡಿನ ಔಲು ತಲುಪಿದ ಸುದ್ದಿ ಆಯಿಯ ಫೋನಿಗೆ ಬಂತು. ನನ್ನ ಫೋನಿಗೂ ಬರಬೇಕಿತ್ತು ಎಂದು ಕೇಳುವ ಹಕ್ಕು ಈ ವಾರ ನನಗಿಲ್ಲ. ಮಂಗಳವಾರ ಏಣಿಯ ಬುಡದಲ್ಲಿ ನಡೆದದ್ದನ್ನು ಮತ್ತೆ ಬರೆಯುವುದಿಲ್ಲ. ಕಾರು ಹತ್ತುವ ಮುಂಚೆ ನೀನು ಅಂದ ಒಂದು ಮಾತಿಗಾಗಿ ಈ ಪತ್ರ: "ಆ ದಿನವೂ ಹೀಗೆಯೇ ಅಂದಿದ್ದೆ, ಅಪ್ಪ." ಯಾವ ದಿನ ಎಂದು ಕೇಳಿದೆ. ನೀನು ಉತ್ತರಿಸಲಿಲ್ಲ. ಕೇಳಿದವನಿಗೂ ಗೊತ್ತಿತ್ತು.

2005ರ ಮೇ ತಿಂಗಳು. ಹೈದರಾಬಾದಿನ ಅಶರ್ ಫರ್ಹಾನ್ ಅವರು ರೂಪಿಸಿದ ಹ್ಯಾಮ್ ರೇಡಿಯೊ ಬಿಟ್‌ಎಕ್ಸ್ ಕಟ್ಟಲು ನಲ್ಲಿಯ ವಾಷರ್‌ಗಳಿಗೆ ನಾನು ತಾಮ್ರದ ತಂತಿ ಸುತ್ತಿದ್ದು, ನೀನು ಸುತ್ತು ಎಣಿಸಿದ್ದು ಅದೇ ರಜೆಯಲ್ಲಿ. ಅದು ನಿನಗೆ ನೆನಪಿರುತ್ತದೆ, ಬಿಡು. ನಾನು ಹೇಳಹೊರಟದ್ದು ಮೋರ್ಸ್ ಪೆಟ್ಟಿಗೆಯ, ಅಂದರೆ ಚುಕ್ಕಿ-ಗೆರೆಗಳ ಸಂಕೇತದಲ್ಲಿ ಮಾತಾಡುವ ರೇಡಿಯೊದ ವಿಷಯ. ಮೂರು ವ್ಯಾಟಿನದು, ನಾನೇ ಬೆಸೆದದ್ದು. ಅದರಲ್ಲಿ ನಾಲ್ಕು ವರ್ಷ ಕಾದರೂ ದಕ್ಷಿಣ ಅಮೆರಿಕ ಸಿಕ್ಕಿರಲಿಲ್ಲ. ಆ ರಾತ್ರಿ ಒಂಬತ್ತರ ಹೊತ್ತಿಗೆ 14 ಮೆಗಾಹರ್ಟ್ಸ್‌ನಲ್ಲಿ ಬ್ರೆಜಿಲ್ ಕೇಳಿಸಿತು. ಕರೆದೆ. ಅವನಿಗೆ ನನ್ನ ರೇಡಿಯೊ ಹೆಸರಾದ ಕಾಲ್‌ಸೈನ್‌ನ ಮೊದಲ ಎರಡಕ್ಷರ, 'ವಿಯು' ಮಾತ್ರ ದಕ್ಕಿತು. ಉಳಿದದ್ದನ್ನು ಮತ್ತೆ ಕಳಿಸು ಎಂದು ಕೇಳುತ್ತಿದ್ದ. ಹದಿನಾಲ್ಕು ಸಾವಿರ ಕಿಲೋಮೀಟರ್ ಆಚೆಯಿಂದ ಒಬ್ಬ ನನಗಾಗಿ ಕಾಯುತ್ತಿದ್ದ.

ನೀನು ಕಿಟಕಿಯ ಬಳಿ ನಿಂತು ಎಣಿಸುತ್ತಿದ್ದೆ. ಮಿಂಚಿನಿಂದ ಗುಡುಗಿನವರೆಗೆ ಮೂರು ಸೆಕೆಂಡಿಗೊಂದು ಕಿಲೋಮೀಟರ್, ಮೂವತ್ತರೊಳಗೆ ಗುಡುಗಿದರೆ ಆಂಟೆನಾದ ತಂತಿ ಕೀಳಬೇಕು. ನಾನೇ ಕಲಿಸಿದ ಲೆಕ್ಕ. "ಅಪ್ಪಾ, ಇಪ್ಪತ್ತು" ಅಂದೆಯಂತೆ, ಆಮೇಲೆ "ಅಪ್ಪಾ, ಹನ್ನೆರಡು" ಅಂದೆಯಂತೆ. ಆಯಿ ಹೇಳಿದ್ದು. ನನ್ನ ಕಿವಿಯಲ್ಲಿ ಬ್ರೆಜಿಲ್ ಇತ್ತು. ಕೀ ಒತ್ತಿ ಮುಗಿಸುವುದರೊಳಗೆ ಹೆಡ್‌ಫೋನ್ ತಟ್ಟನೆ ಬರಿದಾಯಿತು. ತಿರುಗಿದರೆ ಆಂಟೆನಾದ ಪ್ಲಗ್ ನಿನ್ನ ಕೈಯಲ್ಲಿತ್ತು.

ಆಗ ನಾನು ಅಂದದ್ದು "ನಿನಗೇನು ಗೊತ್ತು" ಎಂದು. ಮೂರು ದಿನ ನಿನ್ನೊಡನೆ ಮಾತು ಬಿಟ್ಟೆ, ಒಂಬತ್ತು ವರ್ಷದ ಮಗುವಿನೊಡನೆ. ನೀನು ಮತ್ತೆ ಆ ರೇಡಿಯೊ ಮೂಲೆಗೆ ಕಾಲಿಡಲಿಲ್ಲ.

ಅಂದು ಸಿಡಿಲು ಬೀಳಲಿಲ್ಲ. ನಾಲ್ಕು ಹನಿ ಉದುರಿಸಿ ಮೋಡ ಘಟ್ಟ ಇಳಿದು ಹೋಯಿತು. ಹಲಸಿನ ಮರಕ್ಕೆ ಬಡಿದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು; ಮಗಳು ಮನೆ ಉಳಿಸಿದಳು ಎಂದು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ, ನಿನ್ನ ಹತ್ತಿರ ಕ್ಷಮೆ ಕೇಳುವುದೂ ಸುಲಭವಾಗುತ್ತಿತ್ತು. ಬೀಳದೇ ಹೋದದ್ದರಿಂದ ನಾನು ಹೇಳಿದ್ದೇ ಸರಿ ಎಂದಾಯಿತು. ಇಪ್ಪತ್ತು ವರ್ಷ ಅದನ್ನೇ ಹಿಡಿದುಕೊಂಡು ಕೂತೆ.

ನಿನಗೆ ಹೇಳದ ಸಂಗತಿ ಇನ್ನೊಂದಿದೆ. ಸಿಡಿಲು ಮೊದಲು ಕೇಳಿಸುವುದು ರೇಡಿಯೊದವನಿಗೆ. ಗುಡುಗು ಮುಟ್ಟದಷ್ಟು ದೂರದಲ್ಲಿ ಮಿಂಚಿದರೂ ಹೆಡ್‌ಫೋನಿನಲ್ಲಿ ಒಗ್ಗರಣೆಯ ಸಾಸಿವೆ ಸಿಡಿದ ಹಾಗೆ ಚಟಪಟ ಎನ್ನುತ್ತದೆ. ಅಂದು ಎಂಟೂವರೆಯಿಂದಲೇ ಸಿಡಿಯುತ್ತಿತ್ತು. ನೀನು ಎಣಿಸಲು ನಿಲ್ಲುವ ಅರ್ಧ ಗಂಟೆ ಮೊದಲೇ ನನಗೆ ಗೊತ್ತಿತ್ತು. ಇನ್ನೊಂದು ನಿಮಿಷ, ಇನ್ನೊಂದೇ ನಿಮಿಷ ಎಂದು ಕುಳಿತಿದ್ದೆ.

ಈಗಲೂ ನನ್ನನ್ನು ಎಬ್ಬಿಸುವುದು ಬ್ರೆಜಿಲ್ ಅಲ್ಲ. ಆ ತಂತಿಯ ಒಂದು ತುದಿ ಹಲಸಿನ ಮರದ ನೆತ್ತಿಯಲ್ಲಿತ್ತು, ಇನ್ನೊಂದು ನಿನ್ನ ಬೆರಳುಗಳಲ್ಲಿ. ತಂತಿಗೇ ಹೊಡೆಯಬೇಕೆಂದಿಲ್ಲ, ಹತ್ತಿರದಲ್ಲಿ ಎಲ್ಲೋ ಬಿದ್ದರೂ ಸಾಕು, ಅದರಲ್ಲಿ ವಿದ್ಯುತ್ ಏರುತ್ತದೆ. ಪ್ಲಗ್ಗಿನ ತಿರುಪು ಬಿಗಿಯಾಗಿತ್ತು. ನಿನ್ನ ಪುಟ್ಟ ಕೈಗೆ ಅದನ್ನು ಬಿಚ್ಚಲು ಐದು ಸೆಕೆಂಡಾದರೂ ಬೇಕಾಗಿರಬೇಕು. ಹನ್ನೆರಡು ಎಣಿಕೆಯೆಂದರೆ ನಾಲ್ಕು ಕಿಲೋಮೀಟರ್. ಮುಂದಿನದು ಎಲ್ಲಿ ಬೀಳಬಹುದಿತ್ತು? ಕೀಳಬೇಕಾಗಿದ್ದ ಕೈ ನನ್ನದು. ಎಷ್ಟು ಸಲ ಲೆಕ್ಕ ಹಾಕಿದರೂ ಆ ಐದು ಸೆಕೆಂಡು ಕಡಿಮೆಯಾಗುವುದಿಲ್ಲ. ತಪ್ಪು ನನ್ನದು, ಮೇಧಾ. ಮಂಗಳವಾರದ್ದೂ ನನ್ನದೇ.

ರೇಡಿಯೊದಲ್ಲಿ ಐದು ವ್ಯಾಟ್ ಮೀರುವುದಿಲ್ಲ ಎಂಬುದು ನನ್ನ ಹೆಮ್ಮೆ ಎಂದು ನಿನಗೆ ಗೊತ್ತು. ನೂರರಿಂದ ಐದಕ್ಕೆ ಇಳಿಸಿದರೂ ವ್ಯತ್ಯಾಸ ಹದಿಮೂರು ಡೆಸಿಬಲ್, ಕೇಳುವವನ ಮೀಟರಿನ ಮುಳ್ಳು ಎರಡು ಗೆರೆ ಇಳಿಯುತ್ತದೆ ಅಷ್ಟೇ. ಆದ್ದರಿಂದ ಕಡಿಮೆ ಶಕ್ತಿಯವನು ಕೂಗುವುದಕ್ಕಿಂತ ಹೆಚ್ಚು ಕೇಳಬೇಕು, ಎದುರಿನವನು ಉಸಿರು ಬಿಡುವ ಸಂದಿಯಲ್ಲಿ ಕರೆಯಬೇಕು, ಸಿಗದಿದ್ದರೆ ಸಿಟ್ಟಾಗಬಾರದು. ನೀನೂ ಹೊಸ ಊರಿನಲ್ಲಿ ಮೊದಲು ಆರು ತಿಂಗಳು... ನೋಡು, ಉಪದೇಶ ಶುರುವಾಯಿತು. ಆಯಿಗೆ ಇಷ್ಟನ್ನು ಓದಿ ಹೇಳಿದೆ. "ಗಾಳಿಯಲ್ಲಿ ಐದು ವ್ಯಾಟ್, ಮನೆಯೊಳಗೆ ನೂರು" ಅಂದಳು.

ಆದರೂ ಎರಡು ಮಾತು. ಡಿಸೆಂಬರ್ 21ರ ಸುಮಾರಿಗೆ ಅಲ್ಲಿ ಸೂರ್ಯ ಮೂರೂವರೆ ಗಂಟೆ ಕಾಣಿಸಿದರೆ ಹೆಚ್ಚು. ಆ ಹೊತ್ತಿನಲ್ಲಿ ಪ್ರಯೋಗಾಲಯದೊಳಗೆ ಕೂರಬೇಡ, ಹೊರಗೆ ನಡೆ. ಮಂಜುಗಡ್ಡೆಯ ಮೇಲೆ ಜೇಬಿನಲ್ಲಿ ಕೈ ಇಟ್ಟು ನಡೆಯಬೇಡ. ಉತ್ತರದ ಆಕಾಶ ಹಸಿರಾಗುವ ರಾತ್ರಿಗಳಲ್ಲಿ ಶಾರ್ಟ್‌ವೇವ್ ಸತ್ತಂತಾಗುತ್ತದೆ, ಧ್ರುವದ ಕಡೆಯ ಸದ್ದೆಲ್ಲ ನಡುಗಿ ಒಡೆದು ಹೋಗುತ್ತದೆ. ಆಂಟೆನಾಗಳ ಮೇಲೆಯೇ ಸಂಶೋಧನೆ ಮಾಡಲು ಹೋದವಳಿಗೆ ಇದನ್ನೆಲ್ಲ ನಾನು ಹೇಳಿಕೊಡುವುದೇ? ಆ ಮೂಲೆಗೆ ಮತ್ತೆ ಬಾರದವಳು ಅದೇ ವಿದ್ಯೆಯನ್ನು ಯಾವಾಗ ಹಿಡಿದೆ ಎಂದು ನನಗೆ ತಿಳಿಯಲೇ ಇಲ್ಲ. ಅಡಿಕೆ ಸೊಸೈಟಿಯ ಕಟ್ಟೆಯಲ್ಲಿ ನಾಲ್ಕು ಜನರಿಗೆ ಹೇಳಿದೆ. ಒಬ್ಬರು ಔಲು ಲಂಡನ್ನಿನಿಂದ ಎಷ್ಟು ಸ್ಟಾಪು ಎಂದು ಕೇಳಿದರು. ನಿನ್ನೆದುರಿಗೆ ಮಾತ್ರ ಸಂತೋಷ ಎಂಬ ಶಬ್ದ ಬಾಯಿಗೆ ಬರಲಿಲ್ಲ.

ಏಣಿಯನ್ನು ಪಕ್ಕದ ಮನೆಗೆ ಕೊಟ್ಟುಬಿಟ್ಟೆ. ನೀನು ಹೇಳಿದ್ದಕ್ಕಲ್ಲ ಎಂದು ಬರೆಯಲು ಹೊರಟಿದ್ದೆ. ನೀನು ಹೇಳಿದ್ದಕ್ಕೇ. ಈಗ ಎರವಲು ತಂದ ದೋಟಿಯಿಂದ, ಅಂಗಳದಲ್ಲೇ ನಿಂತು ತಂತಿಯನ್ನು ಹಲಸಿನ ಕೆಳಗೊಂಬೆಗೆ ಏರಿಸಿದ್ದೇನೆ. ಎತ್ತರ ಸಾಲದು. ಪಕ್ಕದವರ ಅಂಗಳದ ಹೊಸ ಎಲ್‌ಇಡಿ ದೀಪದ ಗೊರಗೊರ ಬೇರೆ ಸೇರಿಕೊಂಡಿದೆ; ಏಣಿ ಕೊಟ್ಟವನು ದೀಪ ಆರಿಸಿ ಎನ್ನುವುದು ಹೇಗೆ? ನಿನ್ನೆ ಸಂಜೆ ಆ ಗದ್ದಲದ ಅಡಿಯಲ್ಲಿ ಒಎಚ್ ಎಂದು ಶುರುವಾಗುವ ಕಾಲ್‌ಸೈನ್ ಕೇಳಿಸಿತು. ಫಿನ್ಲೆಂಡಿನದು. ಇಲ್ಲಿಂದ ನಿನ್ನಲ್ಲಿಗೆ ಸುಮಾರು 6,700 ಕಿಲೋಮೀಟರ್. ಐದು ವ್ಯಾಟ್ ಹೋಗಲಾರದ ದೂರವಲ್ಲ. ಆರು ಸಲ ಕರೆದೆ. ಅವನು ಯಾರೋ ಇಟಲಿಯವನಿಗೆ ಉತ್ತರಿಸಿದ. ಇವತ್ತೂ ಕರೆಯಬೇಕೆಂದಿದ್ದೆ.

ಕಿಟಕಿಯಲ್ಲಿ ಈಗ ಮಿಂಚಿತು. ಎಣಿಸಿದೆ, ಇಪ್ಪತ್ತಾರು. ಎದ್ದು ಹೋಗಿ ಪ್ಲಗ್ ಕಿತ್ತು, ತಂತಿಯನ್ನು ಹೊರಗೆ ಹಾಕಿ ಬಂದೆ. ಇನ್ನು ಕರೆಂಟು ಹೋಗುತ್ತದೆ. ಉಳಿದದ್ದನ್ನು ನಾಳೆ ಬರೆಯುತ್ತೇನೆ.

ಇಂತಿ,
ಅಪ್ಪ