ಕರಣೆ ತಿಕ್ಕುವ ಕೈ, ಬಾರು ಎಳೆಯುವ ಕಾಲು: ಗೆಳೆಯನಿಗೊಂದು ಪತ್ರ

ಗೆಳೆಯಾ,

ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ಮೃದಂಗ ಮಾಡುವವರ ಫೋಟೋ ತೆಗೆಯಲು ಹೊರಟಿದ್ದೀಯಂತೆ, ಅದೂ ಈ ಮಳೆಯಲ್ಲಿ. ‘ಕೈಗಳ ಕ್ಲೋಸಪ್ ಸಾಕು’ ಅಂತ ಬರೆದಿದ್ದೀಯಲ್ಲ, ಅಲ್ಲೇ ನನ್ನ ತಕರಾರು. ಆ ಕೆಲಸದ ಅರ್ಧ ಇರುವುದು ಕಾಲಿನಲ್ಲಿ. ಬಾರು ಬಿಗಿಯುವಾಗ ಕುಶಲಕರ್ಮಿ ನೆಲಕ್ಕೆ ಕೂತು, ಮೃದಂಗದ ಮರದ ಒಡಲಿಗೆ, ಅಂದರೆ ಕಳಸಿಗೆಗೆ, ಪಾದ ಒತ್ತಿಕೊಟ್ಟು, ಬೆನ್ನನ್ನು ಹಿಂದಕ್ಕೆ ಬಿಟ್ಟು ಎಳೆಯುತ್ತಾನೆ. ಹಿಮ್ಮಡಿಯ ನರ ಉಬ್ಬುತ್ತದೆ, ಕಾಲ್ಬೆರಳು ಮಡಚಿಕೊಳ್ಳುತ್ತವೆ. ಮೊಣಕೈಗೆ ಚೌಕಟ್ಟು ಮುಗಿಸಿದರೆ ಆ ಬಲ ಎಲ್ಲಿಂದ ಬಂತು ಅಂತ ನೋಡಿದವರಿಗೆ ತಿಳಿಯುವುದೇ ಇಲ್ಲ. ನೀನೂ ನೆಲಕ್ಕೆ ಕೂರು, ಕ್ಯಾಮೆರಾ ಮೊಣಕಾಲ ಮಟ್ಟಕ್ಕೆ ಇಳಿಯಲಿ. ನಿಂತು ಕೆಳಗೆ ನೋಡಿ ತೆಗೆದರೆ ತಲೆಯ ನೆತ್ತಿ ಮಾತ್ರ ಸಿಗುತ್ತದೆ.

ಮೊದಲು ಕೆಲಸದ ಕ್ರಮ ಗೊತ್ತಿರಲಿ. ಹಲಸಿನ ಮರದ ತುಂಡನ್ನು ಹೊರಗೆ ಸವರಿ ಒಳಗೆ ಕೊರೆದರೆ ಕಳಸಿಗೆ. ಉದ್ದ ಸುಮಾರು 22ರಿಂದ 24 ಇಂಚು. ಆಮೇಲೆ ಎರಡು ಬದಿಗೆ ಚರ್ಮದ ಮುಚ್ಚಿಗೆ, ಅವೆರಡನ್ನೂ ಸೇರಿಸಿ ಎಳೆಯುವ ಬಾರು, ಬಲಗಡೆ ಮುಚ್ಚಿಗೆಯ ನಡುವೆ ಕಪ್ಪಗೆ ದುಂಡಗೆ ಕೂರುವ ಕರಣೆ, ಕೊನೆಗೆ ಶ್ರುತಿ. ಒಂದೇ ದಿನದಲ್ಲಿ ಒಂದೇ ಮೃದಂಗದ ಎಲ್ಲ ಹಂತ ಸಿಗುವುದಿಲ್ಲ. ಚರ್ಮ ಒಣಗಬೇಕು, ಮಲೆನಾಡಿನ ಆಷಾಢದಲ್ಲಿ ಅದು ಒಣಗುವುದು ಅದಕ್ಕೆ ಮನಸ್ಸು ಬಂದಾಗ. ಬೇರೆ ಬೇರೆ ಹಂತದ ಮೂರು ನಾಲ್ಕು ವಾದ್ಯಗಳ ಮೇಲೆ ತೆಗೆಯುವುದಾದರೆ ಅದನ್ನು ಶೀರ್ಷಿಕೆಯಲ್ಲೇ ಹೇಳಿಬಿಡು, ಒಂದೇ ವಾದ್ಯ ಅಂತ ತೋರಿಸಬೇಡ. ವಾದ್ಯಗಾರರ ಕಣ್ಣು ಮರದ ಗೆರೆ ನೋಡಿಯೇ ಹಿಡಿಯುತ್ತದೆ.

ಮರ ಕಡೆಯುವ ಲೇತ್ ತಿರುಗುವಾಗ ಕ್ಯಾಮೆರಾದ ಪಟ್ಟಿ ಕೈಗೆ ಸುತ್ತಿಕೊ, ಶಾಲು ತೆಗೆದಿಡು. ಮರ ತಿರುಗುವ ನೇರಕ್ಕೆ ನಿಲ್ಲಬೇಡ, ಚೂರು ಹಾರುವುದು ಆ ಕಡೆಗೇ. ಶಟರ್ ವೇಗ ಸೆಕೆಂಡಿನ 1/1000 ಇಟ್ಟರೆ ಮರ ನಿಂತಂತೆ ಕಾಣುತ್ತದೆ, ಲೇತ್ ಕೆಟ್ಟಿದೆ ಅನ್ನಿಸುತ್ತದೆ. 1/50ಕ್ಕೆ ಇಳಿಸು. ಮರ ಮಸುಕಾಗಿ ಉಳಿ ಹಿಡಿದ ಬೆರಳು ಚೂಪಾಗಿ ಬರಬೇಕು. ಇದಕ್ಕೆ ಟ್ರೈಪಾಡ್ ಅಂದುಕೊಂಡರೆ ತಪ್ಪು. ಲೇತಿನ ನಡುಕ ನೆಲದಿಂದ ಟ್ರೈಪಾಡಿನ ಕಾಲಿಗೆ ಏರಿ ಇಡೀ ಚಿತ್ರವೇ ಅದುರುತ್ತದೆ. ಮೊಣಕೈಯನ್ನು ಪಕ್ಕೆಗೆ ಒತ್ತಿ ಕೈಯಲ್ಲೇ ಹಿಡಿ.

ಬೆಳಕಿನ ವಿಷಯ. ಮಂಗಳೂರು ಹೆಂಚಿನ ಮಾಡಿನಲ್ಲಿ ಎರಡೋ ಮೂರೋ ಗಾಜಿನ ಹೆಂಚು ಇರುತ್ತವೆ, ಉಳಿದದ್ದಕ್ಕೆಲ್ಲ ಒಂದು ಎಲ್‌ಇಡಿ ಪಟ್ಟಿ. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿನುಗುತ್ತದೆ. 1/50 ಅಥವಾ 1/100ರಲ್ಲಿ ತೊಂದರೆಯಿಲ್ಲ. 1/250 ದಾಟಿದರೆ ಚಿತ್ರದ ಅಡ್ಡಕ್ಕೆ ಕಪ್ಪು ಪಟ್ಟೆ ಬರುತ್ತವೆ. ಸದ್ದಾಗಬಾರದೆಂದು ಎಲೆಕ್ಟ್ರಾನಿಕ್ ಶಟರ್ ಹಾಕಿದರೆ ಪಟ್ಟೆ ಇನ್ನೂ ಜಾಸ್ತಿ. ಸುತ್ತಿಗೆ ಪೆಟ್ಟನ್ನು 1/500ರಲ್ಲಿ ಹಿಡಿಯುವ ಆಸೆಯಿದ್ದರೆ ಗಾಜಿನ ಹೆಂಚಿನ ಕೆಳಗೆ, ದೀಪ ಆರಿಸಿ. ಆದರೆ ಆ ದೀಪ ಅವರ ಕೆಲಸಕ್ಕೆ ಇರುವುದು, ನಿನ್ನ ಫೋಟೋಕ್ಕಲ್ಲ. ಕೇಳದೆ ಸ್ವಿಚ್ ಮುಟ್ಟಬೇಡ. ಬೆಳಕು ಸಾಲದೆ ಐಎಸ್ಒ (ಸೆನ್ಸರಿನ ಸೂಕ್ಷ್ಮತೆ) 3200ಕ್ಕೆ ಏರಿಸಿದಾಗ ಚಿತ್ರ ಕಾಳುಕಾಳಾಗುವುದಕ್ಕೆ ಹೆದರಬೇಡ, ಫ್ಲ್ಯಾಶ್ ಮಾತ್ರ ಬ್ಯಾಗಿನಲ್ಲೇ ಇರಲಿ. ಬಾರು ಸೀಳುವ ಕತ್ತಿ ಕೈಯಲ್ಲಿರುವಾಗ ಕಣ್ಣಿಗೆ ಮಿಂಚು ಹೊಡೆಸುವುದು ತಮಾಷೆಯಲ್ಲ.

ಈಗ ಕರಣೆ. ಒಂದೇ ಹಂತಕ್ಕೆ ಅರ್ಧ ದಿನ ಕೊಡುವುದಾದರೆ ಇದಕ್ಕೆ ಕೊಡು. ಕಪ್ಪು ಕಲ್ಲಿನ ನುಣ್ಣನೆ ಪುಡಿಯನ್ನು ಬೆಂದ ಅನ್ನದ ಜೊತೆ ನಾದಿ ಮುದ್ದೆ ಮಾಡಿರುತ್ತಾರೆ. ಅದರಿಂದ ಚಿಟಿಕೆಯಷ್ಟು ತೆಗೆದು ಮುಚ್ಚಿಗೆಯ ನಡುವೆ ಇಟ್ಟು, ಹೆಬ್ಬೆರಳಿನಲ್ಲಿ ದುಂಡಗೆ ಹರಡಿ, ನುಣುಪು ಕಲ್ಲಿನಿಂದ ತಿಕ್ಕುತ್ತಾರೆ. ತಿಕ್ಕಿದ ಬಿಸಿಗೆ ಪದರ ಒಣಗುತ್ತದೆ. ಒಣಗಿದ ಮೇಲೇ ಮುಂದಿನದು, ಸುತ್ತಳತೆ ಸ್ವಲ್ಪ ಚಿಕ್ಕದು. ಹೀಗೆ ಹತ್ತಾರು ಪದರ ಕೂತು ನಡುವೆ ದಪ್ಪ, ಅಂಚಿಗೆ ತೆಳು ಆಗುತ್ತದೆ. ಹಸಿಯ ಮೇಲೆ ಹಸಿ ಕೂರಿಸಿದರೆ ನುಡಿಸಲು ಶುರುಮಾಡಿದ ಮೇಲೆ ಚಕ್ಕೆ ಏಳುತ್ತದೆ. ತಿಕ್ಕುತ್ತಾ ಹೋದಂತೆ ಮೇಲೆ ಕೂದಲೆಳೆಯಂಥ ಬಿರುಕುಗಳ ಬಲೆ ಮೂಡುತ್ತದೆ. ಅದು ದೋಷವಲ್ಲ, ಚರ್ಮದ ಜೊತೆ ಕರಣೆ ಬಳುಕುವುದು ಆ ಬಿರುಕಿನಿಂದಲೇ. ಅದನ್ನು ಫೋಟೋಶಾಪಿನಲ್ಲಿ ‘ಸ್ವಚ್ಛ’ ಮಾಡಿಬಿಟ್ಟೀಯ!

ಕಪ್ಪು ಕರಣೆಯೇ ಚೌಕಟ್ಟು ತುಂಬಿದಾಗ ಕ್ಯಾಮೆರಾ ಮೋಸಹೋಗಿ ಅದನ್ನು ಬೂದಿ ಬಣ್ಣಕ್ಕೆ ತರುತ್ತದೆ. ಒಂದು ಸ್ಟಾಪ್, ಅಂದರೆ ಬೆಳಕನ್ನು ಅರ್ಧಕ್ಕೆ, ಇಳಿಸು. ಬಿಳಿಚರ್ಮವೇ ತುಂಬಿದರೆ ಉಲ್ಟಾ, ಸ್ವಲ್ಪ ಏರಿಸು. ಎರಡೂ ಇರುವಾಗ ಅವರ ಮುಂಗೈಗೆ ಬೀಳುವ ಬೆಳಕು ಅಳೆದು ಮ್ಯಾನ್ಯುಯಲ್‌ನಲ್ಲಿ ಕಟ್ಟಿಹಾಕು. ಬಿರುಕು ಕಾಣಬೇಕಾದರೆ ಬೆಳಕು ಪಕ್ಕದಿಂದ, ತಗ್ಗಿನಿಂದ ಬೀಳಬೇಕು. ಅವರನ್ನು ತಿರುಗಿಸಬೇಡ, ನೀನು ಸುತ್ತು ಹೋಗು. ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 50 ಎಂಎಂ ಲೆನ್ಸಿನಿಂದ ಅರ್ಧ ಮೀಟರು ದೂರದಲ್ಲಿ ಲೆನ್ಸಿನ ಕಿಂಡಿಯನ್ನು ಎಫ್ 1.8ಕ್ಕೆ ಅಗಲ ತೆರೆದಿಟ್ಟರೆ ಸ್ಪಷ್ಟವಾಗುವ ಆಳ ಬರೀ ಒಂದು ಸೆಂಟಿಮೀಟರು: ಉಗುರು ಸಿಕ್ಕರೆ ಕಲ್ಲು ಸಿಗದು. ಎಫ್ 5.6ಕ್ಕೆ ಮೂರು ಸೆಂಟಿಮೀಟರು ಸಿಗುತ್ತದೆ, ಬೆರಳೂ ಕಲ್ಲೂ ಒಟ್ಟಿಗೆ ನಿಲ್ಲುತ್ತವೆ. ಆ ಕೋಣೆಯಲ್ಲಿ ಲೆನ್ಸ್ ಬದಲಿಸಬೇಡ, ಕರಣೆ ಪುಡಿ ಸೆನ್ಸರಿಗೆ ಹೋದರೆ ಸುಲಭಕ್ಕೆ ಬಿಡದು.

‘ಇನ್ನೊಂದು ಸಲ ಮಾಡಿ’ ಅನ್ನುವ ಮಾತು ಮಾತ್ರ ಬಾಯಿಗೆ ಬರಬಾರದು. ಹಚ್ಚಿದ ಪದರ ಹಚ್ಚಿದ್ದೇ. ನಿನಗಾಗಿ ನಟಿಸಿದರೆ ಹಿಡಿತ ಸಡಿಲವಾಗುತ್ತದೆ, ಫೋಟೋದಲ್ಲೂ ಕಾಣುತ್ತದೆ. ತಪ್ಪಿದರೆ ಕಾಯಿ, ಮುಂದಿನ ಪದರಕ್ಕೆ ಅದೇ ಕೈ ಮತ್ತೆ ಅಲ್ಲಿಗೇ ಬರುತ್ತದೆ.

ಶ್ರುತಿ ಮಾಡುವಾಗ ಶಟರ್ ಮುಟ್ಟಲೇಬೇಡ ಅನ್ನುವಷ್ಟು ಕಟ್ಟುನಿಟ್ಟು ನಾನು. ಬಲ ಮುಚ್ಚಿಗೆಯ ಸುತ್ತ ಬಾರು ಹಾಯುವ ಹದಿನಾರು ತೂತು, ಅದಕ್ಕೆ ಕಣ್ಣು ಅನ್ನುತ್ತಾರೆ. ಅಂಚಿಗೆ ಮೇಲಿನಿಂದ ಪೆಟ್ಟು ಬಿದ್ದರೆ ಶ್ರುತಿ ಏರುತ್ತದೆ, ಕೆಳಗಿನಿಂದ ಎತ್ತಿ ಹೊಡೆದರೆ ಇಳಿಯುತ್ತದೆ. ಪ್ರತಿ ಕಣ್ಣಿನ ಹತ್ತಿರ ಬೆರಳಿನಿಂದ ಮೀಟಿ ಕಿವಿ ಕೊಡುತ್ತಾರೆ, ಆಗ ಶಟರಿನ ಸದ್ದು ಬೇಡ. ನಿನಗೆ ಬೇಕಾದದ್ದು ಆ ಪೆಟ್ಟಲ್ಲ, ಪೆಟ್ಟಿನ ಮುಂದಿನ ಗಳಿಗೆ: ಕತ್ತು ಒಂದು ಬದಿಗೆ ವಾಲಿ, ಕಣ್ಣು ಎಲ್ಲೂ ನೋಡದೆ ನಿಂತಿರುತ್ತದೆ. ಒಂದು ಕಣ್ಣು ಮುಗಿದು ಇನ್ನೊಂದಕ್ಕೆ ಮೃದಂಗ ಉರುಳುವಾಗ, ಆ ನೋಟ ಇನ್ನೂ ಮುಖದಲ್ಲಿ ಇರುವಾಗಲೇ, ಒಂದೇ ಒಂದು ಕ್ಲಿಕ್.

ಇಲ್ಲಿ ಹಲವರಿಗೆ ಕೂಲಿ ಎಷ್ಟು ಕೆಲಸವೋ ಅಷ್ಟು. ನಿನ್ನಿಂದ ಹೋದ ಹೊತ್ತಿಗೆ ದುಡ್ಡು ಕೊಡಬೇಕು, ಅದನ್ನು ಮೊದಲೇ ಮಾತಾಡು. ಶೀರ್ಷಿಕೆಯಲ್ಲಿ ಹೆಸರು ಹೇಗೆ ಬರೆಯಬೇಕು ಅಂತ ಅವರನ್ನೇ ಕೇಳು, ಜಾತಿ ಬರೆಯುವ ಚಪಲ ಬೇಡ. ಒಬ್ಬೊಬ್ಬರಿಗೂ ಪ್ರಿಂಟ್ ಕೊಡು. ವಾಟ್ಸಾಪಿನಲ್ಲಿ ಕಳಿಸಿ ಕೈತೊಳೆದುಕೊಳ್ಳುವುದಲ್ಲ.

ಕ್ಯಾಮೆರಾಕ್ಕೂ ಮಳೆಗಾಲವೇ. ರಾತ್ರಿ ಬ್ಯಾಗಿನಲ್ಲಿ ಬಿಡದೆ, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡು, ಇಲ್ಲದಿದ್ದರೆ ಲೆನ್ಸಿನೊಳಗೆ ಬೂಷ್ಟು ಬರುತ್ತದೆ. ನೀಲಿ ಹರಳು ಗುಲಾಬಿ ಆದರೆ ತೇವ ಕುಡಿದಿದೆ ಅಂತ ಅರ್ಥ, ಅಡುಗೆಗೆ ಬಳಸದ ಹಳೆ ಬಾಣಲೆಯಲ್ಲಿ ಸಣ್ಣ ಉರಿಗೆ ಕಾಯಿಸಿಕೊ. ಸಾಗರಕ್ಕೆ ಬಂದು ಹುಡುಕುತ್ತ ಕೂರಬೇಡ, ಶಿವಮೊಗ್ಗದಲ್ಲೇ ಅರ್ಧ ಕಿಲೋ ತಗೊಂಡು ಬಾ.

ಇಂತಿ,
ನಿನ್ನ ಗೆಳೆಯ