ಅಮ್ಮನ ಆರೈಕೆಯ ಬಗ್ಗೆ ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ಅಪ್ಪನ ಆಶೀರ್ವಾದಗಳು. ಮೊನ್ನೆ ಫೋನಿನಲ್ಲಿ ನೀನು ಕೇಳಿದ ಪ್ರಶ್ನೆಗೆ ಅಮ್ಮನ ಪಕ್ಕದಲ್ಲೇ ಕುಳಿತು ಸರಿಯಾಗಿ ಉತ್ತರಿಸಲು ಆಗಲಿಲ್ಲ, ಅದಕ್ಕಾಗಿ ಈ ಪತ್ರ. ಮನೆಯಲ್ಲಿ ಹಗಲಿರುಳು ನೋಡಿಕೊಳ್ಳುವವರು ಇರುವಾಗ ಕೊನೆಯ ದಿನಗಳ ಆರೈಕೆ ಮಾಡುವ ಹಾಸ್ಪೈಸ್ ತಂಡವೂ ಏಕೆ ಬೇಕು, ಅವರನ್ನು ಕರೆಸಿದರೆ ನಾವು ಆಸೆ ಕೈಬಿಟ್ಟಂತಾಗುವುದಿಲ್ಲವೇ ಎಂದು ಕೇಳಿದೆಯಲ್ಲ, ಆ ಎರಡೂ ಮಾತುಗಳ ಬಗ್ಗೆ ನಾನು ತಿಳಿದುಕೊಂಡದ್ದನ್ನು ನಿನ್ನ ಮುಂದಿಡುತ್ತೇನೆ.

ಆಸೆಯ ಮಾತನ್ನು ಮೊದಲು ತೆಗೆದುಕೊಳ್ಳೋಣ. ಸಿಸಿಲಿ ಸಾಂಡರ್ಸ್ ಎಂಬಾಕೆ ನರ್ಸ್ ಆಗಿ, ಆಮೇಲೆ ಸಮಾಜ ಕಾರ್ಯಕರ್ತೆಯಾಗಿ, ಕೊನೆಗೆ ವೈದ್ಯೆಯಾಗಿ ಸಾಯುವವರ ಬಳಿ ವರ್ಷಗಟ್ಟಲೆ ಕೆಲಸ ಮಾಡಿದವರು. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ತೆರೆದವರು ಅವರೇ. ರೋಗಿಯ ನೋವು ದೇಹದ್ದು ಮಾತ್ರವಲ್ಲ, ಮನಸ್ಸಿನದ್ದು, ಸಂಬಂಧಗಳದ್ದು, ಬದುಕಿನ ಅರ್ಥಕ್ಕೆ ಸಂಬಂಧಿಸಿದ್ದು ಎಲ್ಲವೂ ಸೇರಿ ಒಂದೇ ನೋವಾಗಿರುತ್ತದೆ ಎಂಬುದು ಅವರ ತಿಳಿವಳಿಕೆಯಾಗಿತ್ತು. ಎರಡೇ ವರ್ಷಗಳಲ್ಲಿ ಅವರ ತಂಡ ರೋಗಿಗಳ ಮನೆಗಳಿಗೇ ಹೋಗತೊಡಗಿತು. ಹಾಗಾಗಿ ಹಾಸ್ಪೈಸ್ ಎಂದರೆ ಒಂದು ಕಟ್ಟಡವೆಂದು ತಿಳಿಯಬೇಡ. ಕಾಯಿಲೆಯನ್ನು ಗುಣಪಡಿಸುವ ಚಿಕಿತ್ಸೆಯಿಂದ ಇನ್ನು ಪ್ರಯೋಜನವಿಲ್ಲ ಎಂದಾದ ಮೇಲೆ, ಉಳಿದ ದಿನಗಳು ನರಳಿಕೆಯಿಲ್ಲದೆ ಕಳೆಯಲಿ ಎಂದು ಮಾಡುವ ವೈದ್ಯಕೀಯ ಕೆಲಸವೇ ಅದು. ನೋವು, ನರಳಿಕೆ ತಗ್ಗಿಸುವ ಉಪಶಾಮಕ ಆರೈಕೆಯಂತೂ ಅಲ್ಲಿಯವರೆಗೂ ಕಾಯಬೇಕಾಗಿಲ್ಲ, ಚಿಕಿತ್ಸೆ ನಡೆಯುತ್ತಿರುವಾಗಲೇ ಅದರ ಜೊತೆಗೆ ಆರಂಭವಾಗಬಹುದು. 2010ರಲ್ಲಿ ಬಾಸ್ಟನ್ನಿನ ವೈದ್ಯರು ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಹರಡಿಹೋಗಿದ್ದ ಶ್ವಾಸಕೋಶದ ಕ್ಯಾನ್ಸರ್ ಇದ್ದ 151 ರೋಗಿಗಳ ಪೈಕಿ ಮೊದಲಿನಿಂದಲೇ ಉಪಶಾಮಕ ಆರೈಕೆ ಸಿಕ್ಕವರು ಮಧ್ಯಕ ಲೆಕ್ಕದಲ್ಲಿ 11.6 ತಿಂಗಳು ಬದುಕಿದರೆ, ಸಾಮಾನ್ಯ ಚಿಕಿತ್ಸೆ ಮಾತ್ರ ಸಿಕ್ಕವರು 8.9 ತಿಂಗಳು ಬದುಕಿದರು. ಒಂದು ಕಾಯಿಲೆಯ ಒಂದು ಅಧ್ಯಯನದಿಂದ ಎಲ್ಲರ ಆಯಸ್ಸನ್ನೂ ಅಳೆಯಬಾರದು, ಆದರೂ ಇಂಥ ಆರೈಕೆಯಿಂದ ಆಯಸ್ಸು ಕಡಿಮೆಯಾಗುತ್ತದೆ ಎಂಬ ನಿನ್ನ ಅಂಜಿಕೆಗೆ ಅದರಲ್ಲಿ ಉತ್ತರವಿದೆ.

ಇನ್ನು ಇಬ್ಬರೂ ಏಕೆ ಬೇಕು ಎಂಬ ಪ್ರಶ್ನೆ. ಹಾಸ್ಪೈಸ್ ತಂಡವೆಂದರೆ ಹಾಸಿಗೆಯ ಪಕ್ಕದಲ್ಲಿ ಸದಾ ಒಬ್ಬರು ಕುಳಿತಿರುತ್ತಾರೆ ಎಂದು ಬಹಳ ಜನ ಭಾವಿಸುತ್ತಾರೆ. ಹಾಗಿಲ್ಲ. ನರ್ಸ್ ವಾರದಲ್ಲಿ ಕೆಲವು ಸಲ ಬರುತ್ತಾರೆ, ಪರೀಕ್ಷಿಸುತ್ತಾರೆ, ವೈದ್ಯರೊಂದಿಗೆ ಮಾತಾಡಿ ಔಷಧ ಹೊಂದಿಸುತ್ತಾರೆ, ಹೊರಡುತ್ತಾರೆ. ಮಿಕ್ಕ ಹೊತ್ತೆಲ್ಲ ಅಮ್ಮನ ಬಳಿ ಇರುವವರು ನಾನು ಮತ್ತು ಅವಳನ್ನು ನೋಡಿಕೊಳ್ಳುವ ಆಕೆ. ಮೈ ಒರೆಸುವುದು, ಹಾಸಿಗೆ ಹುಣ್ಣಾಗದಂತೆ ಮಗ್ಗುಲು ಬದಲಿಸುವುದು, ಬಾಯಿ ಒಣಗದಂತೆ ನೋಡುವುದು, ರಾತ್ರಿ ಎಚ್ಚರವಾದಾಗ ಕೈ ಹಿಡಿಯುವುದು ಎಲ್ಲವೂ ಆಕೆಯ ಕೈಯಿಂದ ನಡೆಯುತ್ತದೆ. ಆದರೆ ಔಷಧದ ಪ್ರಮಾಣವನ್ನು ಆಕೆ ಬದಲಿಸುವಂತಿಲ್ಲ, ಬದಲಿಸಲೂಬಾರದು. ಕಣ್ಣಾರೆ ಕಾಣುವವರ ಕೈಯಲ್ಲಿ ನಿರ್ಧಾರವಿಲ್ಲ, ನಿರ್ಧಾರ ಮಾಡಬೇಕಾದವರು ಅಲ್ಲಿ ಇರುವುದಿಲ್ಲ. ಮನೆಯ ಆರೈಕೆ ಕೆಡುವುದು ಹೆಚ್ಚಾಗಿ ಈ ಎರಡರ ನಡುವಿನ ಸಂದಿನಲ್ಲಿಯೇ ಎಂಬುದು ನನಗೆ ಖಚಿತವಾಗಿದೆ, ಅದನ್ನು ಮುಚ್ಚುವುದಕ್ಕೇ ನಾನು ಹೆಚ್ಚಿನ ಗಮನ ಕೊಡುತ್ತಿದ್ದೇನೆ.

ಒಂದು ಉದಾಹರಣೆ ಹೇಳುತ್ತೇನೆ. ಅಮ್ಮನ ತಲೆದೆಸೆಯಲ್ಲಿ ಒಂದು ನೋಟ್‌ಬುಕ್ ಇಟ್ಟಿದ್ದೇವೆ. ಯಾವ ಹೊತ್ತಿಗೆ ಯಾವ ಔಷಧ ಕೊಟ್ಟೆವು, ನೋವು ಹೇಗಿತ್ತು, ಮಲಮೂತ್ರ ಹೇಗಾಯಿತು, ಎಷ್ಟು ನಿದ್ದೆ ಬಂತು ಎಂದು ನೋಡಿಕೊಳ್ಳುವ ಆಕೆ ಅದರಲ್ಲಿ ಬರೆಯುತ್ತಾರೆ. ಕೇಳಿದಾಗಲೆಲ್ಲ ಅಮ್ಮ ನೋವಿಲ್ಲವೆಂದೇ ಹೇಳುತ್ತಿದ್ದಳು, ನರ್ಸ್ ಬಂದಾಗಲೂ ಅದನ್ನೇ ಹೇಳಿದಳು. ಆದರೆ ಬೆಳಗ್ಗೆ ಮೈ ಒರೆಸಲು ಎಡಮಗ್ಗುಲಿಗೆ ಹೊರಳಿಸಿದಾಗ ಹುಬ್ಬು ಗಂಟಿಕ್ಕುತ್ತದೆ, ಹೊದಿಕೆಯ ಅಂಚನ್ನು ಬಿಗಿಯಾಗಿ ಹಿಡಿಯುತ್ತಾರೆ, ಮುಗಿದ ಮೇಲೂ ಬಹಳ ಹೊತ್ತು ಮಾತಾಡುವುದಿಲ್ಲ ಎಂದು ಆಕೆ ದಿನವೂ ಬರೆದಿದ್ದರು. ಅದನ್ನು ಓದಿದ ನರ್ಸ್ ವೈದ್ಯರನ್ನು ಕೇಳಿ, ಮೈ ಒರೆಸುವುದಕ್ಕೆ ಅರ್ಧ ಗಂಟೆಯ ಮುಂಚೆ ಬೇಗ ಕೆಲಸ ಮಾಡುವ ನೋವಿನ ಔಷಧವನ್ನು ಸ್ವಲ್ಪ ಕೊಡುವ ವ್ಯವಸ್ಥೆ ಮಾಡಿದರು. ಈಗ ಅಮ್ಮ ಹೊರಳುವಾಗ ಮಾತಾಡುತ್ತಲೇ ಇರುತ್ತಾಳೆ. ಆಕೆ ಗಮನಿಸದಿದ್ದರೆ ನರ್ಸ್‌ಗೆ ಗೊತ್ತಾಗುತ್ತಿರಲಿಲ್ಲ, ನರ್ಸ್ ಇಲ್ಲದಿದ್ದರೆ ಆಕೆ ಬರೆದದ್ದು ಬರಹವಾಗಿಯೇ ಉಳಿಯುತ್ತಿತ್ತು.

ಮಾರ್ಫಿನ್ ಎಂಬ ಬಲವಾದ ನೋವಿನ ಔಷಧವೆಂದರೆ ನಿನಗೆ ಭಯವಿದೆ, ಅಮ್ಮನನ್ನು ನೋಡಿಕೊಳ್ಳುವ ಆಕೆಗೂ ಇತ್ತು. ನೋವು ಬಂದ ಮೇಲೆ ಕೊಡುವ ಬದಲು ಗಡಿಯಾರ ನೋಡಿ ಹೊತ್ತುಹೊತ್ತಿಗೆ, ಸಾಧ್ಯವಾದಷ್ಟೂ ಬಾಯಿಯ ಮೂಲಕವೇ, ಸೌಮ್ಯವಾದದ್ದರಿಂದ ಬಲವಾದದ್ದಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತ ನೋವಿನ ತೀವ್ರತೆಗೆ ತಕ್ಕ ಔಷಧ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಕ್ಯಾನ್ಸರ್ ನೋವಿನ ಬಗ್ಗೆ 1986ರಲ್ಲಿಯೇ ಹೇಳಿತ್ತು. ಅದು ಗೊತ್ತಿಲ್ಲದೆ ಭಯದಿಂದ ಒಂದು ಹೊತ್ತಿನ ಔಷಧ ತಪ್ಪಿಸಿದರೆ ನೋವು ಮೇಲೇರುತ್ತದೆ, ಆಮೇಲೆ ಇಳಿಸುವುದು ಕಷ್ಟ. ಮಾರ್ಫಿನ್‌ನಿಂದ ಮಲಬದ್ಧತೆ ಬಹುತೇಕ ಎಲ್ಲರಿಗೂ ಆಗುವುದರಿಂದ ಅದಕ್ಕೆ ಬೇಕಾದ ಔಷಧವನ್ನೂ ಮೊದಲ ದಿನದಿಂದಲೇ ಕೊಡುತ್ತಾರೆ. ನರ್ಸ್ ಇದನ್ನೆಲ್ಲ ನನ್ನೊಬ್ಬನಿಗೇ ಹೇಳದೆ ಆಕೆಯನ್ನೂ ಕೂರಿಸಿಕೊಂಡು ವಿವರಿಸಿದರು. ಹಾಗೆ ಮಾಡದ ತಂಡವನ್ನು ನಾನು ಒಪ್ಪುತ್ತಿರಲಿಲ್ಲ.

ರಾತ್ರಿ ಉಸಿರಾಟ ಕಷ್ಟವಾದರೆ ಏನು ಮಾಡಬೇಕೆಂಬುದನ್ನು ಎಲ್ಲರೂ ಸೇರಿ ಮೊದಲೇ ತೀರ್ಮಾನಿಸಿದ್ದೇವೆ. ತನ್ನನ್ನು ಮತ್ತೆ ತುರ್ತು ಘಟಕಕ್ಕೆ ಒಯ್ಯಬಾರದು, ಕೃತಕ ಉಸಿರಾಟದ ಯಂತ್ರ ಬೇಡ ಎಂದು ಅಮ್ಮ ವೈದ್ಯರ ಮುಂದೆ ಸ್ಪಷ್ಟವಾಗಿ ಹೇಳಿದ್ದಾಳೆ, ಅದನ್ನು ಬರೆದಿಟ್ಟಿದ್ದೇವೆ. ಗಾಬರಿಯಲ್ಲಿ ಆ್ಯಂಬುಲೆನ್ಸ್ ಕರೆದರೆ ಬಂದವರು ತಮ್ಮ ಕರ್ತವ್ಯವೆಂದು ಆಸ್ಪತ್ರೆಗೇ ಒಯ್ಯುವ ಸಾಧ್ಯತೆ ಹೆಚ್ಚು, ಆದ್ದರಿಂದ ಮೊದಲು ಹಾಸ್ಪೈಸ್ ತಂಡದ ರಾತ್ರಿಯ ನಂಬರಿಗೇ ಫೋನ್ ಮಾಡಬೇಕು. ಕಡೆಗಾಲದಲ್ಲಿ ಊಟದ ಮೇಲಿನ ಆಸೆ ಹೊರಟುಹೋಗುವುದು ಸಹಜವೆಂದೂ, ಆಗ ಬಲವಂತ ಮಾಡದೆ ತುಟಿ ಬಾಯಿ ತೇವವಾಗಿಟ್ಟರೆ ಸಾಕೆಂದೂ ನರ್ಸ್ ತಿಳಿಸಿದ್ದಾರೆ. ಇದನ್ನು ಕೇಳುವುದು ನಿನಗೆ ಕಷ್ಟವೆಂದು ಬಲ್ಲೆ.

ಅಮ್ಮನನ್ನು ನೋಡಿಕೊಳ್ಳುವ ಆಕೆಯ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಆಕೆ ಮನೆಗೆಲಸಕ್ಕೆ ಬಂದವರಲ್ಲ, ಅಮ್ಮನಿಗಾಗಿ ಬಂದವರು. ಆಕೆಗೆ ನಿದ್ದೆ ಬೇಕು, ವಾರದಲ್ಲಿ ಬಿಡುವು ಬೇಕು, ರಾತ್ರಿಯ ಪಾಳಿಗೆ ಇನ್ನೊಬ್ಬರು ಬೇಕು. ನಿದ್ದೆಗೆಟ್ಟವರ ಕೈಯಲ್ಲಿ ಔಷಧದ ಹೊತ್ತು ತಪ್ಪುತ್ತದೆ ಎಂಬ ಲೆಕ್ಕಾಚಾರಕ್ಕಿಂತ ಮೊದಲು, ಆಕೆಯೂ ದಣಿಯುವ ಮನುಷ್ಯಳು ಎಂಬುದು ನಮ್ಮ ನೆನಪಿನಲ್ಲಿರಬೇಕು. ಮುಂದೆ ಏನೇನು ಆಗಬಹುದು, ಉಸಿರಿನ ಲಯ ಹೇಗೆ ಬದಲಾಗಬಹುದು, ಕೈಕಾಲು ಹೇಗೆ ತಣ್ಣಗಾಗಬಹುದು ಎಂಬುದನ್ನು ನರ್ಸ್ ಆಕೆಗೂ ಹೇಳಿಟ್ಟಿರಲಿ ಎಂದು ಕೇಳಿಕೊಂಡಿದ್ದೇನೆ, ಏಕೆಂದರೆ ಆ ಹೊತ್ತಿನಲ್ಲಿ ಹಾಸಿಗೆಯ ಬಳಿ ಇರುವವರು ಆಕೆಯೇ ಆಗಿರಬಹುದು. ಅಮ್ಮ ಹೋದ ಮೇಲೆ ದುಃಖ ನಮಗೆ ಮಾತ್ರ ಎಂದು ಭಾವಿಸಬಾರದು. ಹಾಸ್ಪೈಸ್ ತಂಡದ ಆಪ್ತ ಸಮಾಲೋಚಕರು ಆಮೇಲೆಯೂ ನಮ್ಮೊಡನೆ ಮಾತಾಡಲು ಬರುತ್ತಾರೆ, ಆಕೆಯನ್ನೂ ಅದರಲ್ಲಿ ಸೇರಿಸಿಕೊಳ್ಳುವಂತೆ ಹೇಳಿದ್ದೇನೆ.

ಇಷ್ಟೆಲ್ಲ ಜನ ಇರುವಾಗ ನಾನೇನು ಮಾಡಲಿ ಎಂದು ನೀನು ಕೇಳುತ್ತೀಯ. ಬಂದಾಗ ನರ್ಸ್ ಆಗಬೇಡ, ಮಗಳಾಗಿಯೇ ಇರು. ಔಷಧ, ಮಗ್ಗುಲು, ನೋಟ್‌ಬುಕ್ ಎಲ್ಲವನ್ನೂ ನೋಡುವವರಿದ್ದಾರೆ, ಅಮ್ಮನ ಪಕ್ಕದಲ್ಲಿ ಸುಮ್ಮನೆ ಕುಳಿತು ಹಳೆಯ ಮಾತಾಡಲು ನಿನಗೆ ಬಿಡುವು ಸಿಗಲಿ ಎಂದೇ ಇಷ್ಟೆಲ್ಲ ವ್ಯವಸ್ಥೆ. ಆದರೆ ಸಾಧ್ಯವಾದರೆ ನರ್ಸ್ ಬರುವ ದಿನವೇ ಬಾ. ನಿನ್ನ ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದು ತಾ, ನಾನು ಉತ್ತರಿಸಲಾಗದ್ದನ್ನು ಅವರನ್ನೇ ಕೇಳಬಹುದು. ತಂಡದ ರಾತ್ರಿಯ ನಂಬರನ್ನು ಇವತ್ತೇ ಕಳಿಸುತ್ತೇನೆ, ಫೋನಿನಲ್ಲಿ ಉಳಿಸಿಕೋ.

ಇತಿ,
ನಿನ್ನ ಅಪ್ಪ